ಅಂಗವಿಕಲರ ಸಾಧನಗಳೂ ನಮ್ಮ ಉಮೇದುವಾರರೂ

ಮುಂಬಯಿಯ ಕಾರಖಾನೆಗಳ ಜಾಹೀರಾತುಗಳಲ್ಲಿ ‘ಶಿಕಾವೂ ಉಮೇದವಾರ’ ಎಂಬ ಮರಾಠಿ ಮಾತನ್ನು ನಮ್ಮ ವಾಚಕರಲ್ಲಿ ಅನೇಕರು ಓದಿರಬಹುದು. ಕಸುಬನ್ನು ಬಲ್ಲವನೊಬ್ಬನ ಕೈಕೆಳಗೆ ಕೆಲವು ಕಾಲ ನಿಂತು ಕೆಲಸ ಕಲಿಯುವವನು ಎಂದು ಅದರ ಅರ್ಥ. ನಮ್ಮ ಕಡೆಯ ಕನ್ನಡದಲ್ಲಿಯೂ ಕಚೇರಿಯಲ್ಲಿ ಸಂಬಳವಿಲ್ಲದೆ ದುಡಿದು ಕೆಲಸ ಕಲಿಯುವವರಿಗೆ ಉಮೇದುವಾರರೆಂದೇ ಹೇಳುತ್ತಿದ್ದರು. ಈಗ ಆ ಮಾತು ಚುನಾವಣೆಗೆ ನಿಂತವರ ಪಾಲಾಗಿದೆ. ಇಂದಿನ ಕಾಲೇಜುಗಳಲ್ಲಿ ‘ಇಂಟರ್ನ್‌ಶಿಪ್’ ಎಂದು ಕರೆಯುವುದು ಈ ಹಳೆಯ ಉಮೇದುವಾರಿಕೆಯನ್ನೇ. ಹೆಸರು ಬದಲಾದರೂ ಹಳೆಯ ಪ್ರಶ್ನೆಯೊಂದು ಅದರೊಳಗೆ ಹಾಗೆಯೇ ಉಳಿದಿದೆ: ಉಮೇದುವಾರನು ಯಾರ ಕೈಕೆಳಗೆ ನಿಲ್ಲತಕ್ಕದ್ದು?

ನಮ್ಮ ಶಾಲೆಯಿಂದ ಹೊರಬಿದ್ದು ಎಂಜಿನಿಯರಿಂಗ್ ಕಾಲೇಜುಗಳನ್ನೂ ಪಾಲಿಟೆಕ್ನಿಕ್‌ಗಳನ್ನೂ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು ತಮ್ಮ ಓದಿನ ವಿಚಾರ ಹೇಳಿಹೋಗುವುದುಂಟು. ಇತ್ತೀಚಿನ ವರ್ಷಗಳಲ್ಲಿ ಅವರ ಬಾಯಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತಿದೆ. ಕುರುಡರಿಗೆ ದಾರಿ ತೋರುವ ಕನ್ನಡಕ, ಕಿವುಡರಿಗೆ ಮಾತಾಡುವ ಕೈಗವಸು, ನಡೆಯಲಾರದವರಿಗೆ ಮೆಟ್ಟಿಲೇರುವ ಗಾಡಿ — ಇಂತಹ ಸಾಧನಗಳನ್ನು ಆರು ವಾರಗಳಲ್ಲಿಯೋ ಎಂಟು ವಾರಗಳಲ್ಲಿಯೋ ಮಾಡಿ ತೋರಿಸುವುದು ಅವರ ಉಮೇದುವಾರಿಕೆಯ ಭಾಗವಾಗಿದೆ. ಕೇಳಿ ಸಂತೋಷವಾಗುತ್ತದೆ. 2011ರ ಜನಗಣತಿಯು ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರನ್ನು ಎಣಿಸಿತು. ಆಗಿನ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಒಪ್ಪಿತ್ತು. 2016ರ ಕಾನೂನು 21 ಬಗೆಗಳನ್ನು ಒಪ್ಪಿದೆ. ಅಂದಮೇಲೆ ಇನ್ನೊಮ್ಮೆ ಎಣಿಸಿದಾಗ ಸಂಖ್ಯೆ ಹಿರಿದಾದರೆ ಆಶ್ಚರ್ಯವಿಲ್ಲ. (ಈ ಜನರನ್ನು ಏನೆಂದು ಕರೆಯಬೇಕೆಂಬ ಚರ್ಚೆಯೂ ಬಹಳ ನಡೆದಿದೆ. ವಿಶೇಷಚೇತನರು ಎಂದರು, 2015ರ ಕೊನೆಯಿಂದ ದಿವ್ಯಾಂಗರು ಎಂದರು. ನಾನು ಅಂಗವಿಕಲರೆಂಬ ಹಳೆಯ ಮಾತನ್ನೇ ಬಳಸುತ್ತೇನೆ. ಸ್ಟೇಶನ್ನಿನ ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಕಾಯುವವನಿಗೆ ದಿವ್ಯತೆಗಿಂತ ಲಿಫ್ಟಿನ ಆವಶ್ಯಕತೆಯೇ ಹೆಚ್ಚಿನದೆಂದು ನನ್ನ ಎಣಿಕೆ.)

ಸಂತೋಷವಾಗುತ್ತದೆಂದು ಹೇಳಿದೆನಷ್ಟೆ. ಆದರೆ ಅದರ ಜೊತೆಗೇ ಒಂದು ಸಂದೇಹವೂ ಉಂಟಾಗುತ್ತದೆ. ಈ ಉಮೇದುವಾರಿಕೆಯಲ್ಲಿ ಯಜಮಾನನು ಪ್ರಾಧ್ಯಾಪಕ, ಪರೀಕ್ಷಕನು ಮತ್ತೊಬ್ಬ ಪ್ರಾಧ್ಯಾಪಕ. ಅಂಗವಿಕಲನು ಮಾತ್ರ ಕೊನೆಯ ದಿನ ಸಾಧನವನ್ನು ತೊಟ್ಟು ಚಿತ್ರಕ್ಕೆ ನಿಲ್ಲುವವನು. ವರದಿಯಲ್ಲಿ ಅವನ ಹೆಸರಿಗೆ ಬದಲಾಗಿ ‘ಫಲಾನುಭವಿ’ ಎಂಬ ಪದವಿರುತ್ತದೆ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟಪಡಿಸಿಬಿಡುತ್ತೇನೆ. ಇಂತಹ ಕೆಲಸದಲ್ಲಿ ವಿದ್ಯಾರ್ಥಿಯು ಅಂಗವಿಕಲನ ಕೈಕೆಳಗೇ ಉಮೇದುವಾರನಾಗತಕ್ಕದ್ದು. ಬೇಕಾದುದು ಏನೆಂದು ಹೇಳುವ ಅಧಿಕಾರ, ಮಾಡಿದುದು ಸರಿಯಿಲ್ಲವೆಂದು ಹಿಂದಕ್ಕೆ ಕಳುಹಿಸುವ ಅಧಿಕಾರ, ಎರಡೂ ಅವನದಾಗಿರಬೇಕು. ಹಾಗಿಲ್ಲದಿದ್ದರೆ ಆ ಎಂಟು ವಾರಗಳಿಂದ ಅಂಕಗಳು ಹುಟ್ಟುತ್ತವೆ, ಸಾಧನ ಹುಟ್ಟುವುದಿಲ್ಲ.

ನಾನು ಎಂಜಿನಿಯರನಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ಕನ್ನಡ ಕಲಿಸುತ್ತಿರುವವನು. ಆದ್ದರಿಂದ ಯಂತ್ರಗಳ ವಿಚಾರದಲ್ಲಿ ತೀರ್ಪು ಕೊಡುವ ಧಾರ್ಷ್ಟ್ಯ ನನಗಿಲ್ಲ. ಆದರೆ ನಡೆದುಹೋದ ಸಂಗತಿಗಳನ್ನು ಓದಿ ತೂಗಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲವಷ್ಟೆ.

2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು ಒಂದು ಜೊತೆ ಕೈಗವಸುಗಳನ್ನು ಮಾಡಿದರು. ಅದನ್ನು ತೊಟ್ಟು ಸಂಜ್ಞಾಭಾಷೆಯ ಕೈಸನ್ನೆಗಳನ್ನು ಮಾಡಿದರೆ ಯಂತ್ರವು ಇಂಗ್ಲಿಷಿನಲ್ಲಿ ಆ ಪದವನ್ನು ಉಚ್ಚರಿಸುತ್ತಿತ್ತು. ಹುಡುಗರಿಗೆ 10,000 ಡಾಲರುಗಳ ದೊಡ್ಡ ಬಹುಮಾನ ಬಂತು, ಪತ್ರಿಕೆಗಳು ಹೊಗಳಿದವು. ಆದರೆ ಕಿವುಡರು ಹೊಗಳಲಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿ ಸಂಜ್ಞಾಭಾಷೆಯನ್ನು ಕಲಿಸುವವರೂ ಭಾಷಾಶಾಸ್ತ್ರಜ್ಞರೂ ಸೇರಿ ಬಹಿರಂಗ ಪತ್ರವನ್ನೇ ಬರೆದರು. ಅವರ ಆಕ್ಷೇಪಣೆಯನ್ನು ಭಾಷಾಶಿಕ್ಷಕನಾದ ನಾನು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆ. ಸಂಜ್ಞಾಭಾಷೆಯೆಂದರೆ ಬರಿಯ ಕೈಬೆರಳುಗಳ ಆಟವಲ್ಲ. ಹುಬ್ಬು ಏರಿದರೆ ಪ್ರಶ್ನೆ, ತಲೆಯಲ್ಲಾಡಿದರೆ ನಿಷೇಧ. ಮುಖ, ಭುಜ, ನೋಟ ಇವೆಲ್ಲ ಅದರ ವ್ಯಾಕರಣ. ಕೈಗವಸಿಗೆ ಹುಬ್ಬು ಎಲ್ಲಿಂದ ಕಾಣಬೇಕು? ಕನ್ನಡದಿಂದ ವಿಭಕ್ತಿ ಪ್ರತ್ಯಯಗಳನ್ನೂ ಕ್ರಿಯಾಪದದ ಕೊನೆಗಳನ್ನೂ ಕಿತ್ತುಹಾಕಿ ಉಳಿದ ಬೇರುಗಳನ್ನು ಸಾಲಾಗಿ ಓದಿದರೆ ಏನಾಗುವುದೋ ಅದೇ ಅಲ್ಲಿ ಆಯಿತು. ಇನ್ನೊಂದು ಮಾತೂ ಇದೆ. ಆ ಕೈಗವಸನ್ನು ಹೊತ್ತು ತಿರುಗಬೇಕಾದವನು ಕಿವುಡ. ಅದರಿಂದ ಅನುಕೂಲ ಪಡೆಯುವವನು ಸನ್ನೆಗಳನ್ನು ಕಲಿಯಲೊಲ್ಲದ ಕಿವಿಯುಳ್ಳವನು. ಆ ಹುಡುಗರ ಬುದ್ಧಿವಂತಿಕೆಯಲ್ಲಾಗಲಿ ಸದ್ಭಾವನೆಯಲ್ಲಾಗಲಿ ನನಗೆ ಸಂದೇಹವಿಲ್ಲ. ಕೆಲಸವನ್ನು ಆರಂಭಿಸುವ ಮೊದಲೇ ತಮ್ಮ ವಿದ್ಯಾಪೀಠದ ಕಿವುಡರ ಮುಂದೆ ಆರು ತಿಂಗಳು ಕುಳಿತಿದ್ದರೆ ಅವರು ಬೇರೆ ಏನನ್ನೋ ಮಾಡುತ್ತಿದ್ದರು.

ಹಾಗೆ ಕುಳಿತವರ ದೃಷ್ಟಾಂತವೂ ನಮ್ಮ ದೇಶದಲ್ಲಿಯೇ ಇದೆ. 2005ರಲ್ಲಿ ದಿಲ್ಲಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ಬಳಿ ಓದುತ್ತಿದ್ದ ಪದವಿ ತರಗತಿಯ ವಿದ್ಯಾರ್ಥಿಗಳು ಅಂಧರ ಅಡಚಣೆಗಳನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಂಡರು. ಅಂಧನು ಹಿಡಿಯುವ ಬಿಳಿಯ ಕೋಲು ನೆಲದಿಂದ ಮೊಣಕಾಲಿನವರೆಗಿನ ಅಡ್ಡಿಗಳನ್ನು ಮಾತ್ರ ತಿಳಿಸುತ್ತದೆ. ಹಿಂಭಾಗ ಚಾಚಿ ನಿಂತ ಲಾರಿ, ಬಾಗಿದ ಮರದ ಕೊಂಬೆ, ತೆರೆದಿಟ್ಟ ಕಿಟಕಿಯ ಬಾಗಿಲು — ಇವುಗಳ ಕೆಳಗೆ ಕೋಲು ನಿರಾತಂಕವಾಗಿ ದಾಟಿಹೋಗುತ್ತದೆ, ಹಣೆ ಹೋಗಿ ಬಡಿಯುತ್ತದೆ. ಕಣ್ಣಿದ್ದವರಿಗೆ ಇದು ಹೊಳೆಯುವುದಿಲ್ಲ. ವಿದ್ಯಾರ್ಥಿಗಳು ಕೋಲನ್ನು ಬಿಡಿಸಲು ಹೋಗಲಿಲ್ಲ. ಇದ್ದ ಕೋಲಿನ ಮೇಲೆಯೇ ಒಂದು ಹಿಡಿಕೆಯನ್ನು ಜೋಡಿಸಿದರು. ನಮ್ಮ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಅದು ಮುಂದಕ್ಕೆ ಕಳುಹಿಸುತ್ತದೆ, ತಾಗಿ ಮರಳಿದವುಗಳಿಂದ ದೂರವನ್ನು ಅಳೆಯುತ್ತದೆ, ಸುಮಾರು 3 ಮೀಟರುಗಳವರೆಗಿನ ಅಡ್ಡಿಯನ್ನು ಅಂಗೈಯಲ್ಲಿ ಕಂಪನದ ರೂಪದಲ್ಲಿ ತಿಳಿಸುತ್ತದೆ. ಬಾವಲಿಯ ಉಪಾಯವೇ ಅದು. ಮಾತಾಡುವ ಯಂತ್ರವನ್ನು ಅವರು ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ರಸ್ತೆಯಲ್ಲಿ ಅಂಧನ ಕಿವಿ ಎಂದರೆ ಅವನ ಕಣ್ಣು. ಅದಕ್ಕೆ ಯಂತ್ರದ ಮಾತನ್ನು ತುರುಕಿದರೆ ಬರುವ ಮೋಟಾರು ಕೇಳಿಸದು.

‘ಸ್ಮಾರ್ಟ್‌ಕೇನ್’ ಎಂಬ ಈ ಸಾಧನವು ಚೆನ್ನೈಯ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಕಂಪನಿಯಲ್ಲಿ ತಯಾರಾಗಿ ಜನರ ಕೈಸೇರಿದುದು 2014ರಲ್ಲಿ, ಸುಮಾರು 3,000 ರೂಪಾಯಿ ಬೆಲೆಗೆ. ಅಂದರೆ ಮೊದಲ ವಿದ್ಯಾರ್ಥಿಗಳು ಆರಂಭಿಸಿದ ಒಂಬತ್ತು ವರ್ಷಗಳ ನಂತರ! ಆ ವಿದ್ಯಾರ್ಥಿಗಳು ಪದವಿ ಪಡೆದರು, ಬೇರೆಯವರು ಬಂದರು, ಮಾದರಿಗಳು ಒಂದರ ಮೇಲೊಂದು ಬದಲಾದವು. ಅಂಧರ ಸಂಸ್ಥೆಯಾದ ‘ಸಕ್ಷಮ್’ ಉದ್ದಕ್ಕೂ ಜೊತೆಗಿತ್ತು. ಅದನ್ನು ನಡೆಸುವವರಲ್ಲೊಬ್ಬರಾದ ದೀಪೇಂದ್ರ ಮನೋಚಾ ಸ್ವತಃ ದೃಷ್ಟಿಯಿಲ್ಲದವರು. ಕೆಲಸ ಕೆಡದಂತೆ ಒಂಬತ್ತು ವರ್ಷ ಹಿಡಿದು ನಿಲ್ಲಿಸಿದುದು ಯಂತ್ರವಿದ್ಯೆಯೊಂದೇ ಅಲ್ಲವೆಂದು ಇದರಿಂದ ತೋರುತ್ತದೆ. ಅಲ್ಲಿಯವರೇ ಮುಂದೆ, ನಿಲ್ದಾಣಕ್ಕೆ ಬಂದ ಬಸ್ಸಿನ ಸಂಖ್ಯೆಯನ್ನು ಅಂಧ ಪ್ರಯಾಣಿಕನಿಗೆ ಬಾಗಿಲ ಬಳಿಯಿಂದ ಕೂಗಿ ಹೇಳುವ ‘ಆನ್‌ಬೋರ್ಡ್’ ಎಂಬ ಸಾಧನವನ್ನೂ ಮಾಡಿದರು. ನಮ್ಮ ಮುಂಬಯಿಯ ಕೆಲವು ಬೆಸ್ಟ್ ಬಸ್ಸುಗಳಲ್ಲಿಯೂ ಅದರ ಪರೀಕ್ಷೆ ನಡೆಯಿತು.

ಇದಕ್ಕಿಂತ ಹಳೆಯದಾದ ಕತೆಯೊಂದನ್ನು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಅದರ ತಿರುಳನ್ನು ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಲೂಯಿ ಬ್ರೈಲನು ತಂದೆಯ ಚರ್ಮದ ಕೆಲಸದ ಅಂಗಡಿಯಲ್ಲಿ ಮೂರು ವರ್ಷದವನಿದ್ದಾಗ ಹತ್ಯಾರು ಕಣ್ಣಿಗೆ ಚುಚ್ಚಿ ಕುರುಡನಾದನು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಅವನು ಓದುತ್ತಿದ್ದಾಗ, ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೇ ಎಂಬ ಕಣ್ಣುಳ್ಳ ಗೃಹಸ್ಥರು ಉಬ್ಬುಚುಕ್ಕೆಗಳ ಬರಹವೊಂದನ್ನು ಕಂಡುಹಿಡಿದು ಶಾಲೆಗೆ ತಂದರು. ಯೋಚನೆ ಅಮೂಲ್ಯವಾದುದೇ. ಆದರೆ ಒಂದೊಂದು ಸಂಕೇತಕ್ಕೆ 12 ಚುಕ್ಕೆಗಳವರೆಗೆ ಜಾಗವಿತ್ತು. ಬೆರಳತುದಿ ಒಂದೇ ಸ್ಪರ್ಶಕ್ಕೆ ಅಷ್ಟನ್ನು ಹಿಡಿಯಲಾರದು. ಅದು ಉಚ್ಚಾರವನ್ನು ಮಾತ್ರ ತಿಳಿಸುತ್ತಿತ್ತು; ಕಾಗುಣಿತವಿಲ್ಲ, ವಿರಾಮಚಿಹ್ನೆಗಳಿಲ್ಲ. ಕಣ್ಣಿನಿಂದ ನೋಡಿದರೆ ಈ ಕೊರತೆ ತಿಳಿಯುವಂತಹದಲ್ಲ. ಓದುವ ಬೆರಳು ಯಾರದೋ ಅವನಿಗೇ ತಿಳಿಯಬೇಕು. 1824ರ ಹೊತ್ತಿಗೆ ಹದಿನೈದು ವರ್ಷದ ಆ ವಿದ್ಯಾರ್ಥಿ 12ನ್ನು 6ಕ್ಕೆ ಇಳಿಸಿ ತನ್ನ ಲಿಪಿಯನ್ನು ಸಿದ್ಧಪಡಿಸಿದನು, 1829ರಲ್ಲಿ ಅಚ್ಚು ಹಾಕಿಸಿದನು. ಅವನ ಸ್ವಂತ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದುದು 1854ರಲ್ಲಿ. ಅವನು ತೀರಿಕೊಂಡು ಎರಡು ವರ್ಷಗಳಾಗಿದ್ದವು. ನಮ್ಮ ದೇಶದಲ್ಲಿ 1951ರಲ್ಲಿ ಎಲ್ಲ ಭಾಷೆಗಳಿಗೂ ಸಮಾನವಾದ ಭಾರತಿ ಬ್ರೈಲ್ ನಿಶ್ಚಯವಾಯಿತು. ಅದರಲ್ಲಿ ಕನ್ನಡದ ಕ-ಕಾರಕ್ಕೂ ಮರಾಠಿಯ ಕ-ಕಾರಕ್ಕೂ ಅವೇ ಚುಕ್ಕೆಗಳು. ಎರಡು ಲಿಪಿಗಳ ನಡುವೆ ತಿಣುಕಾಡುವ ನಮ್ಮ ಐದನೆಯ ತರಗತಿಯ ಮಕ್ಕಳು ಕೇಳಿದರೆ ಅಸೂಯೆಪಡಬಹುದು.

ಈಗ ದಿಲ್ಲಿ ಪ್ಯಾರಿಸ್ಸುಗಳನ್ನು ಬಿಟ್ಟು ನಮ್ಮ ಗಲ್ಲಿಗೆ ಬರೋಣ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಪೀಳಿಗೆಯ ಹಿರಿಯರೊಬ್ಬರು ಶಾಲೆಯ ಸಮೀಪದಲ್ಲಿಯೇ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಹತ್ತು ವರ್ಷಗಳ ಹಿಂದೆ ಅವರ ದೃಷ್ಟಿ ಹೋಯಿತು. ಒಂದು ಕಾಲೇಜಿನ ಹುಡುಗರು ಉಮೇದುವಾರಿಕೆಯ ಅವಧಿಯಲ್ಲಿ ಅವರಿಗಾಗಿ ಒಂದು ಸೊಂಟಪಟ್ಟಿಯನ್ನು ಮಾಡಿದರು. ಮೂರು ಅಡಿಯೊಳಗೆ ಏನಾದರೂ ಎದುರಾದರೆ ಅದು ಗುಂಯ್ಗುಟ್ಟಿ ಎಚ್ಚರಿಸುತ್ತದೆ. ಕಾಲೇಜಿನ ಪ್ರಾಂಗಣದಲ್ಲಿ ಚೆನ್ನಾಗಿ ನಡೆಯಿತಂತೆ. ಅದು ಈಗ ಎಲ್ಲಿದೆಯೆಂದು ನಾನು ವಿಚಾರಿಸಿದೆ.

“ಟ್ರಂಕಿನ ಮೇಲಿದೆ, ಮಾಸ್ತರರೇ,” ಎಂದರು. “ಹುಡುಗರು ಬಹಳ ಒಳ್ಳೆಯವರು. ಆದರೆ ನಮ್ಮ ಗಲ್ಲಿಯಲ್ಲಿ ಮೂರು ಅಡಿ ಖಾಲಿ ಜಾಗ ಎಲ್ಲುಂಟು? ಮನೆಯ ಹೊಸ್ತಿಲು ದಾಟಿದಲ್ಲಿಂದ ಮರಳಿ ಬರುವವರೆಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು.”

“ಹಾಗಾದರೆ ನಿಮಗೆ ಬೇಕಾದುದು ಏನು?” ಎಂದು ಕೇಳಿದೆ.

“ಗಲ್ಲಿ ನನಗೆ ಗೊತ್ತಿದೆ. ನಲವತ್ತು ವರ್ಷ ನಡೆದಿದ್ದೇನೆ. ನನಗೆ ಕನ್ನಡ ಪೇಪರು ಓದಬೇಕು. ಫೋನು ಇಂಗ್ಲಿಷನ್ನು ಗಡಗಡ ಓದುತ್ತದೆ, ನನಗೆ ಇಂಗ್ಲಿಷು ಬಾರದು. ಕನ್ನಡ ಓದೆಂದರೆ ಅರ್ಧ ಓದುತ್ತದೆ, ಅರ್ಧ ಏನೋ ಬಡಬಡಿಸುತ್ತದೆ. ಅದನ್ನು ಆ ಹುಡುಗರ ಹತ್ತಿರ ಹೇಳಲಿಲ್ಲ. ಅವರು ಕೇಳಲೂ ಇಲ್ಲ.”

ಈ ಮಾತು ನನ್ನನ್ನು ಹಲವು ದಿನ ಕಾಡಿತು. ಏಕೆಂದರೆ ಇದು ನೇರವಾಗಿ ನಮ್ಮ ಶಾಲೆಗೇ ಸಂಬಂಧಿಸಿದ್ದು. ನೋಡಲಾರದವರಿಗೆ ಗಣಕಯಂತ್ರದ ತೆರೆಯನ್ನು ಓದಿ ಹೇಳುವ ತಂತ್ರಾಂಶಗಳು ಈಗ ಇವೆ. ಅವುಗಳಲ್ಲಿ ಎನ್.ವಿ.ಡಿ.ಎ. ಎಂಬುದು ಉಚಿತವಾಗಿ ದೊರೆಯುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಅದನ್ನು ಆರಂಭಿಸಿದರು, ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು, ಇಬ್ಬರೂ ಅಂಧರೇ. ಅದು ಕನ್ನಡವನ್ನೂ ಓದಬಲ್ಲುದು. ತೊಡಕಿರುವುದು ನಾವು ಕನ್ನಡವನ್ನು ಬರೆದಿಡುವ ರೀತಿಯಲ್ಲಿ. ಅನೇಕ ಮುದ್ರಣಾಲಯಗಳು ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡವನ್ನು ಜೋಡಿಸುತ್ತವೆ. ಕಣ್ಣಿಗೆ ಮುದ್ದಾದ ಕನ್ನಡ ಕಾಣುತ್ತದೆ, ಆದರೆ ಯಂತ್ರದ ಹೊಟ್ಟೆಯೊಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಿರಿಯರು ‘ಬಡಬಡಿಸುವಿಕೆ’ ಎಂದುದು ಇದನ್ನೇ. ಪತ್ರಿಕೆಯ ಪುಟವನ್ನು ಚಿತ್ರವಾಗಿ ಹಾಕಿದರಂತೂ ಯಂತ್ರಕ್ಕೆ ಅದು ಖಾಲಿ ಗೋಡೆ.

ಚಿತ್ರದಿಂದ ಅಕ್ಷರಗಳನ್ನು ಹೆಕ್ಕುವ ತಂತ್ರಾಂಶಗಳೂ ಬಂದಿವೆ, ದಿನೇ ದಿನೇ ಸುಧಾರಿಸುತ್ತಿವೆ. ಆದರೂ ಕನ್ನಡದ ದ-ಕಾರಕ್ಕೂ ಧ-ಕಾರಕ್ಕೂ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅಚ್ಚಿನಲ್ಲಿ ಶಾಯಿ ಸ್ವಲ್ಪ ಹರಡಿದರೂ ಸಾಕು, ರೈತನು ಕೊಟ್ಟಿಗೆಯಲ್ಲಿ ‘ಧನ’ವನ್ನು ಕಟ್ಟಿ ಹುಲ್ಲು ಹಾಕಿದನೆಂದು ಯಂತ್ರ ಗಂಭೀರವಾಗಿ ಓದುತ್ತದೆ. ಅನುಸ್ವಾರವನ್ನು ಬೆರಳಚ್ಚಿಸಬೇಕಾದಲ್ಲಿ ನೋಡಲು ಅದರಂತೆಯೇ ಇರುವ ಕನ್ನಡದ ಸೊನ್ನೆಯನ್ನು ಹಾಕುವವರಿದ್ದಾರೆ. ಕಣ್ಣಿಗೆ ಭೇದವಿಲ್ಲ, ಕಿವಿಗೆ ಮಾತ್ರ ಪದದ ನಟ್ಟನಡುವೆ ‘ಸೊನ್ನೆ’ ಬಂದು ಬೀಳುತ್ತದೆ. ಹಳೆಯ ವಿನ್ಯಾಸದಿಂದ ಹೊಸದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಒಮ್ಮೊಮ್ಮೆ ಸ್ಥಾನ ತಪ್ಪುತ್ತದೆ. ಇವನ್ನೆಲ್ಲ ಹುಡುಕಿ ತಿದ್ದುವುದಕ್ಕೆ ಸರ್ಕ್ಯೂಟುಗಳ ಜ್ಞಾನ ಬೇಡ. ಕನ್ನಡವನ್ನು ತಪ್ಪಿಲ್ಲದೆ ಓದಬಲ್ಲ ಕಣ್ಣು ಬೇಕು, ತಪ್ಪನ್ನು ಹಿಡಿಯುವ ಕಿವಿ ಬೇಕು. ಈ ನಗರದ ದೊಡ್ಡ ಕಾಲೇಜುಗಳ ಜಾಣ ಹುಡುಗರಲ್ಲಿ ಎಷ್ಟು ಜನಕ್ಕೆ ಅದಿದೆ? ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಮುಂದೇನು ಪ್ರಯೋಜನವೆಂದು ಪ್ರತಿ ಜೂನ್ ತಿಂಗಳಿನಲ್ಲಿ ಪಾಲಕರು ನನ್ನನ್ನು ಕೇಳುತ್ತಾರೆ. ಉದ್ಯೋಗದ ಭರವಸೆಯನ್ನು ನಾನು ಕೊಡಲಾರೆ. ಆದರೆ ಕನ್ನಡ ಬಲ್ಲವರಲ್ಲದೆ ಬೇರೆಯವರು ಮಾಡಲಾಗದ, ಒಬ್ಬ ಮನುಷ್ಯನು ಹತ್ತು ವರ್ಷಗಳಿಂದ ಕಾದು ಕುಳಿತಿರುವ ಕೆಲಸವೊಂದು ಇದೆಯೆಂದು ತೋರಿಸಬಲ್ಲೆ.

ಇದಕ್ಕೆ ಬರಬಹುದಾದ ಪ್ರತ್ಯುತ್ತರವನ್ನೂ ನಾನು ಬಲ್ಲೆ. ಎಂಟು ವಾರಗಳ ಉಮೇದುವಾರಿಕೆಯಿಂದ ಸಾಧನ ಹುಟ್ಟದಿದ್ದರೂ ವಿದ್ಯಾರ್ಥಿಯ ಮನಸ್ಸು ತೆರೆಯುತ್ತದೆ, ಇಂದು ಸೊಂಟಪಟ್ಟಿ ಮಾಡಿದವನು ನಾಳೆ ದೊಡ್ಡದನ್ನು ಮಾಡಿಯಾನು ಎಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಇದು ಸುಳ್ಳಲ್ಲ, ದಿಲ್ಲಿಯ ಕೋಲು ಆರಂಭವಾದುದೂ ತರಗತಿಯ ಒಂದು ಪ್ರಾಜೆಕ್ಟಿನಿಂದಲೇ. ಆದರೆ ಆಗ ಆ ಅವಧಿಯನ್ನು ವಿದ್ಯಾರ್ಥಿಯ ಶಿಕ್ಷಣವೆಂದು ಕರೆಯಬೇಕು, ಅಂಗವಿಕಲನ ಸೇವೆಯೆಂದು ಕರೆಯಬಾರದು. ತನ್ನ ಮನೆಯ ಬಾಗಿಲನ್ನು ತೆರೆದು, ತನ್ನ ಸಮಯವನ್ನು ಕೊಟ್ಟು, ಹುಡುಗರಿಗೆ ಪಾಠ ಕಲಿಸಿದವನು ಆ ಹಿರಿಯನು. ಗುರುವಿಗೆ ಸಲ್ಲುವ ಮರ್ಯಾದೆ ಅವನಿಗೆ ಸಲ್ಲಬೇಕು. ಸಾಧ್ಯವಿದ್ದಲ್ಲಿ ಕಾಲೇಜು ಅವನ ಸಮಯಕ್ಕೆ ಹಣವನ್ನೂ ಕೊಡಬೇಕು. ಪರೀಕ್ಷಕರಿಗೆ ಭತ್ಯ ಕೊಡುವುದಿಲ್ಲವೇ? ಇನ್ನು, ಹೊಸ ಸಾಧನವನ್ನೇ ಮಾಡಬೇಕೆಂಬ ಹಟವೇಕೆ? ನಮ್ಮ ಲೋಕಲ್ ಗಾಡಿಗಳಲ್ಲಿ ಅಂಗವಿಕಲರ ಡಬ್ಬಿ ನಿಲ್ಲುವ ಸ್ಥಳದಲ್ಲಿ ಹಲವು ಪ್ಲಾಟ್‌ಫಾರ್ಮುಗಳ ಮೇಲೆ ಬೀಪ್ ಬೀಪ್ ಎಂಬ ಸದ್ದು ಮಾಡುವ ಸಣ್ಣ ಪೆಟ್ಟಿಗೆಯೊಂದಿದೆ. ಅಂಧರು ಆ ಸದ್ದನ್ನು ಹಿಡಿದು ಬಂದು ನಿಲ್ಲುತ್ತಾರೆ. ಅದಕ್ಕಾಗಿ ಯಾರಿಗಾದರೂ ಬಹುಮಾನ ಬಂದುದನ್ನು ನಾನು ಕೇಳಿಲ್ಲ. ಯಾವ ಪೆಟ್ಟಿಗೆ ಸದ್ದು ಮಾಡುತ್ತಿದೆ, ಯಾವುದು ಕೆಟ್ಟಿದೆ ಎಂದು ಎಂಟು ವಾರ ನೋಡಿ ರೈಲ್ವೆಯವರಿಗೆ ಬರೆದು ತಿಳಿಸುವ ಉಮೇದುವಾರನಿಗೆ ನಾನು ಪರೀಕ್ಷಕನಾಗಿದ್ದರೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದೆ.

ನಮ್ಮ ಶಾಲೆಯ ಮಟ್ಟಿಗೆ ಒಂದು ಸೂಚನೆಯನ್ನು ಸಂಪಾದಕ ಮಂಡಳಿಯ ಮುಂದಿಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ವಾಚಕರು ಕೈಯಲ್ಲಿ ಹಿಡಿದಿರುವ ಈ ವಾರ್ಷಿಕಾಂಕವನ್ನು ಮುದ್ರಣಾಲಯವು ಹಳೆಯ ಅಕ್ಷರವಿನ್ಯಾಸದಲ್ಲಿಯೇ ಜೋಡಿಸಿದೆ. ಅದನ್ನು ಆ ಹಿರಿಯರ ಫೋನು ಓದಲಾರದು. ಅಚ್ಚಾದ ಮೇಲೆ ಇದರ ಎಲ್ಲ ಲೇಖನಗಳನ್ನೂ ಯೂನಿಕೋಡಿಗೆ ಪರಿವರ್ತಿಸಿ, ತಿದ್ದಿ, ಧ್ವನಿಯ ಮೂಲಕ ಓದಲು ಬರುವಂತೆ ಮಾಡಬೇಕೆಂದು ನಿಶ್ಚಯವಾಗಿದೆ. ಒಂಬತ್ತನೆಯ ತರಗತಿಯ ಆರು ಮಂದಿ ಹೆಸರು ಕೊಟ್ಟಿದ್ದಾರೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರು ಪರಿವರ್ತನೆಯ ತಾಂತ್ರಿಕ ಭಾಗವನ್ನು ನೋಡಿಕೊಳ್ಳುತ್ತಾರೆ. ಸಿದ್ಧವಾದ ಪುಟಗಳನ್ನು ಕೇಳಿ, ಎಲ್ಲಿ ಅರ್ಥವಾಗಲಿಲ್ಲವೆಂದು ಹೇಳುವ ಕೆಲಸವನ್ನು ಆ ಹಿರಿಯರು ಒಪ್ಪಿಕೊಂಡಿದ್ದಾರೆ. ಅವರು ಸರಿಯೆನ್ನುವವರೆಗೆ ಯಾವ ಪುಟವೂ ಮುಗಿಯಿತೆಂದು ಲೆಕ್ಕವಿಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಣಕಯಂತ್ರದ ಕೋಣೆ ತೆರೆದಿರುತ್ತದೆ. ಕನ್ನಡದ ಕರಡು ತಿದ್ದಬಲ್ಲ ಪಾಲಕರು ಬಂದರೆ ಇನ್ನೂ ಮೂರು ಕುರ್ಚಿಗಳಿವೆ.